ಇನ್‌ಹೇಲರ್ ಬಳಕೆಯ ಬೋಧನೆ : ಒಂದು ವಿವೇಚನೆ

ಔಷಧಗಳಲ್ಲಿ ಬಹುಪಾಲು ರೋಗಿಯಿಂದ ವಿಶೇಷ ಕೌಶಲವನ್ನೇನೂ ಬೇಡುವುದಿಲ್ಲ. ಮಾತ್ರೆಯನ್ನು ನೀರಿನೊಡನೆ ನುಂಗಿದರೆ ಸಾಕು. ಉಳಿದ ಕಾರ್ಯವನ್ನು ದೇಹವೇ ನಿರ್ವಹಿಸುತ್ತದೆ. ಸೂಜಿಮದ್ದನ್ನು ದಾದಿಯೇ ಚುಚ್ಚುತ್ತಾಳೆ. ಆದರೆ ಉಬ್ಬಸ ಮೊದಲಾದ ದೀರ್ಘಕಾಲದ ಶ್ವಾಸಕೋಶ ರೋಗಗಳಿಗೆ ಇಂದು ಮುಖ್ಯವಾಗಿ ಬಳಸುವ ಇನ್‌ಹೇಲರ್ ಎಂಬ ಸಾಧನ ಈ ಮಾತಿಗೆ ಅಪವಾದ. ಇಲ್ಲಿ ಔಷಧ ಎಷ್ಟೇ ಉತ್ತಮವಾಗಿರಲಿ, ಅದು ಸೇರಬೇಕಾದ ಸ್ಥಳವನ್ನು ಸೇರುವುದು ರೋಗಿಯ ಕೈ, ತುಟಿ ಮತ್ತು ಉಸಿರುಗಳ ಹೊಂದಾಣಿಕೆಯಿಂದ. ಈ ಹೊಂದಾಣಿಕೆ ತಾನಾಗಿ ಬರುವುದಲ್ಲ, ಕಲಿತು ಬರುವುದು. ಆದುದರಿಂದ ವೈದ್ಯರು ಇನ್‌ಹೇಲರನ್ನು ಬರೆದುಕೊಟ್ಟಲ್ಲಿಗೆ ಚಿಕಿತ್ಸೆ ಪೂರ್ಣವಾಗುವುದಿಲ್ಲ. ಅಲ್ಲಿಂದ ಒಂದು ಪಾಠ ಆರಂಭವಾಗುತ್ತದೆ. ಆ ಪಾಠ ಎಲ್ಲಿ ತಪ್ಪುತ್ತದೆ, ಅದನ್ನು ಹೇಗೆ ಕಲಿಸಬೇಕು ಎಂಬುದು ವೈದ್ಯರಷ್ಟೇ ಅಧ್ಯಾಪಕರೂ ವಿಚಾರಿಸಬೇಕಾದ ವಿಷಯವಾಗಿದೆ.

ರೋಗದ ಸ್ವರೂಪ

ಉಸಿರಾಟದ ವ್ಯಾಧಿಗಳು ಹೊಸವಲ್ಲ. ಚರಕಸಂಹಿತೆಯು ಶ್ವಾಸರೋಗವನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಒಂದನ್ನು ತಮಕಶ್ವಾಸವೆಂದು ಕರೆದಿದೆ. ನಮ್ಮ ಜನರ ಬಾಯಲ್ಲಿ ಇದು ಗೂರಲು, ದಮ್ಮು, ಉಬ್ಬಸ ಎಂಬ ಹೆಸರುಗಳಿಂದ ಬಳಕೆಯಲ್ಲಿದೆ. ಆಧುನಿಕ ವೈದ್ಯಶಾಸ್ತ್ರ ಇಲ್ಲಿ ಮುಖ್ಯವಾಗಿ ಎರಡು ರೋಗಗಳನ್ನು ಗುರುತಿಸುತ್ತದೆ. ಮೊದಲನೆಯದಾದ ಉಬ್ಬಸದಲ್ಲಿ ಶ್ವಾಸನಾಳಗಳು ಊದಿಕೊಂಡು ಆಗಾಗ ಕುಗ್ಗುತ್ತವೆ. ಚಿಕಿತ್ಸೆಯಿಂದ ಮತ್ತೆ ಹಿಗ್ಗುತ್ತವೆ. ಎರಡನೆಯದಾದ ಸಿ.ಓ.ಪಿ.ಡಿ. ಎಂಬ ರೋಗದಲ್ಲಿ ನಾಳಗಳ ಸಂಕೋಚ ಬಹುಮಟ್ಟಿಗೆ ಶಾಶ್ವತವಾಗಿದ್ದು, ಕಾಲಕ್ರಮದಲ್ಲಿ ಹೆಚ್ಚುತ್ತ ಹೋಗುತ್ತದೆ. ಬೀಡಿ ಸಿಗರೇಟುಗಳು ಇದಕ್ಕೆ ಪ್ರಬಲ ಕಾರಣಗಳು. ಆದರೆ ಎಂದೂ ಧೂಮಪಾನ ಮಾಡದೆ, ಸೌದೆ ಬೆರಣಿಗಳ ಒಲೆಯ ಮುಂದೆ ಆಯುಷ್ಯ ಸವೆಸಿದ ತಾಯಂದಿರಲ್ಲಿಯೂ ಈ ರೋಗ ಕಂಡುಬರುತ್ತದೆ.

೨೦೧೮ರಲ್ಲಿ ಪ್ರಕಟವಾದ ಅಂದಾಜಿನಂತೆ, ೨೦೧೬ರಲ್ಲಿ ಭಾರತದಲ್ಲಿ ಸಿ.ಓ.ಪಿ.ಡಿ. ಇದ್ದವರು ಸುಮಾರು ೫ ಕೋಟಿ ೫೩ ಲಕ್ಷ. ಉಬ್ಬಸವಿದ್ದವರು ಸುಮಾರು ೩ ಕೋಟಿ ೭೯ ಲಕ್ಷ. ಇಷ್ಟು ಮಂದಿಯ ಉಸಿರಿಗೆ ಸಂಬಂಧಿಸಿದ ಪಾಠವನ್ನು ಅಲ್ಪವೆನ್ನಲಾಗದು.

ಸಾಧನದ ಹುಟ್ಟು

ಇನ್‌ಹೇಲರ್ ಹುಟ್ಟಿದ ಬಗೆ ಕುತೂಹಲಕರವಾಗಿದೆ. ಹಿಂದೆ ರೋಗಿಗಳು ರಬ್ಬರಿನ ಬುಡ್ಡೆಯನ್ನು ಹಿಸುಕಿ, ಗಾಜಿನ ಉಪಕರಣದಿಂದ ಔಷಧದ ತುಂತುರನ್ನು ಸೇದಿಕೊಳ್ಳುತ್ತಿದ್ದರು. ಅದು ಒಡೆಯುತ್ತಿತ್ತು, ಅದರಿಂದ ಬರುವ ಔಷಧದ ಪ್ರಮಾಣವೂ ಒಂದೇ ಸಮನಾಗಿರುತ್ತಿರಲಿಲ್ಲ. ೧೯೫೫ರಲ್ಲಿ ಅಮೆರಿಕದ ರೈಕರ್ ಎಂಬ ಔಷಧ ಸಂಸ್ಥೆಯ ಅಧ್ಯಕ್ಷರಾಗಿದ್ದ ಜಾರ್ಜ್ ಮೇಸನ್ ಅವರನ್ನು ಉಬ್ಬಸದಿಂದ ಬಳಲುತ್ತಿದ್ದ ಅವರ ಮಗಳೇ ಪ್ರಶ್ನಿಸಿದಳು: ಕೂದಲಿಗೆ ಸಿಂಪಡಿಸುವ ದ್ರವದಂತೆ ತನ್ನ ಔಷಧವೂ ಡಬ್ಬಿಯಲ್ಲಿ ಏಕೆ ಬರಬಾರದು? ಆ ಪ್ರಶ್ನೆಯನ್ನು ತಂದೆ ಅಲಕ್ಷಿಸಲಿಲ್ಲ. ಒಮ್ಮೆ ಒತ್ತಿದರೆ ನಿಯತ ಪ್ರಮಾಣದ ಔಷಧವನ್ನು ಹೊರಬಿಡುವ ಒತ್ತಡದ ಡಬ್ಬಿ ೧೯೫೬ರಲ್ಲಿ ಬಳಕೆಗೆ ಬಂದಿತು.

ಈ ವಿಧಾನದ ಹಿರಿಮೆಯನ್ನು ಒಂದು ಲೆಕ್ಕದಿಂದ ಅರಿಯಬಹುದು. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ ಸಾಮಾನ್ಯವಾಗಿ ೪ ಮಿಲಿಗ್ರಾಂ, ಎಂದರೆ ೪೦೦೦ ಮೈಕ್ರೋಗ್ರಾಂ ಔಷಧವಿರುತ್ತದೆ. ಇನ್‌ಹೇಲರಿನ ಒಂದು ಒತ್ತಿಗೆ ಬರುವುದು ೧೦೦ ಮೈಕ್ರೋಗ್ರಾಂ ಮಾತ್ರ. ಎಂದರೆ ನಲವತ್ತರಲ್ಲಿ ಒಂದು ಪಾಲು. ಮಾತ್ರೆ ರಕ್ತದೊಡನೆ ಮೈಯೆಲ್ಲ ಸುತ್ತಿ ಎದೆಬಡಿತವನ್ನೂ ಕೈನಡುಕವನ್ನೂ ಹೆಚ್ಚಿಸಬಲ್ಲದು. ಸೇದಿದ ಔಷಧ ನೇರವಾಗಿ ಶ್ವಾಸನಾಳಕ್ಕೆ ಸೇರಿ ಕೆಲವೇ ನಿಮಿಷಗಳಲ್ಲಿ ಫಲ ಕೊಡುತ್ತದೆ. ಆದುದರಿಂದ ‘ಇನ್‌ಹೇಲರ್ ಎಂದರೆ ಕೊನೆಯ ಹಂತದ ಔಷಧ’, ‘ಒಮ್ಮೆ ಹಿಡಿದರೆ ಚಟವಾಗುತ್ತದೆ’ ಎಂಬ ಜನರ ಭಯಕ್ಕೆ ಆಧಾರವಿಲ್ಲ.

ತಪ್ಪುಗಳ ಪರಿ

ಹೀಗಿದ್ದರೂ ಸಾಧನದಿಂದ ದೊರೆಯಬೇಕಾದ ಫಲ ಅನೇಕರಿಗೆ ದೊರೆಯುತ್ತಿಲ್ಲ. ೧೯೭೫ರಿಂದ ೨೦೧೪ರವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಸ್ಪೇನಿನ ಹೋಆಕಿನ್ ಸಾಂಚಿಸ್ ಮತ್ತು ಸಂಗಡಿಗರು ೨೦೧೬ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಇನ್‌ಹೇಲರನ್ನು ಸರಿಯಾಗಿ ಬಳಸುತ್ತಿದ್ದವರು ಶೇಕಡ ೩೧ ಮಾತ್ರ. ನಲವತ್ತು ವರ್ಷಗಳಲ್ಲಿ ಈ ಪ್ರಮಾಣ ಸುಧಾರಿಸಿರಲಿಲ್ಲ. ಒತ್ತುವುದಕ್ಕೂ ಸೇದುವುದಕ್ಕೂ ಹೊಂದಿಕೆಯಿಲ್ಲದಿರುವುದು, ಸೇದುವ ವೇಗ ಮತ್ತು ಆಳ ತಪ್ಪುವುದು, ಸೇದಿದ ಮೇಲೆ ಉಸಿರು ಹಿಡಿಯದಿರುವುದು ಇವು ಪ್ರಧಾನ ದೋಷಗಳು. ಸ್ಪೇನಿನಲ್ಲಿಯೇ ನಡೆದು ೧೯೯೮ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮತ್ತೂ ವಿಚಾರಾರ್ಹ. ಅದರಲ್ಲಿ ಸರಿಯಾದ ಕ್ರಮವನ್ನು ಮಾಡಿ ತೋರಿಸಿದವರು ರೋಗಿಗಳಲ್ಲಿ ಶೇಕಡ ೯, ದಾದಿಯರಲ್ಲಿ ೧೫, ವೈದ್ಯರಲ್ಲಿ ೨೮. ಕಲಿಸಬೇಕಾದವರೇ ಮೊದಲು ಕಲಿಯಬೇಕಾಗಿದೆ ಎಂಬುದು ಇದರಿಂದ ವಿದಿತವಾಗುತ್ತದೆ.

ಈ ಅಂಕಿಗಳ ಹಿಂದಿರುವ ಬಾಳನ್ನೂ ನೆನೆಯಬೇಕು. ಹಳ್ಳಿಯ ವೃದ್ಧೆಯೊಬ್ಬಳಿಗೆ ಮಗ ಕಷ್ಟಪಟ್ಟು ದುಡಿದ ಹಣದಲ್ಲಿ ಇನ್‌ಹೇಲರ್ ತಂದುಕೊಡುತ್ತಾನೆ. ಆಕೆ ಬಾಯಿ ತೆರೆದು ಒತ್ತುತ್ತಾಳೆ. ಉಸಿರು ಎಳೆಯುವ ಮೊದಲೇ ತುಂತುರು ನಾಲಿಗೆಗೂ ಗಂಟಲಿಗೂ ಬಡಿದು, ಬಿಳಿಯ ಹೊಗೆಯಂತೆ ಹೊರಬರುತ್ತದೆ. ನಾಲ್ಕು ದಿನ ನೋಡಿ, ‘ಈ ಪಂಪು ನನಗೆ ಹಿಡಿಸಲಿಲ್ಲಪ್ಪ’ ಎಂದು ಅದನ್ನು ಗೋಡೆಯ ಗೂಡಿನಲ್ಲಿ ಇಟ್ಟುಬಿಡುತ್ತಾಳೆ. ಮಳೆಗಾಲದ ಒಂದು ರಾತ್ರಿ ಉಸಿರು ಕಟ್ಟಿದಾಗ ಆಸ್ಪತ್ರೆಗೆ ಸಾಗಿಸಬೇಕಾಗುತ್ತದೆ. ಔಷಧ ಮನೆಯಲ್ಲಿಯೇ ಇತ್ತು. ಪಾಠ ಮಾತ್ರ ಇರಲಿಲ್ಲ.

ಬಳಕೆಯ ಕ್ರಮ

ಒತ್ತಡದ ಡಬ್ಬಿಯ ಇನ್‌ಹೇಲರನ್ನು ಬಳಸುವ ಕ್ರಮ ಇಂತಿದೆ:

೧. ಮುಚ್ಚಳ ತೆಗೆದು, ಒಳಗೆ ಕಸವಿಲ್ಲವೆಂದು ನೋಡಿ, ಡಬ್ಬಿಯನ್ನು ಚೆನ್ನಾಗಿ ಅಲುಗಿಸಬೇಕು.

೨. ನೆಟ್ಟಗೆ ಕುಳಿತು ಅಥವಾ ನಿಂತು, ಉಸಿರನ್ನು ನಿಧಾನವಾಗಿ ಪೂರ್ತಿ ಹೊರಬಿಡಬೇಕು.

೩. ಸಾಧನದ ಬಾಯನ್ನು ಹಲ್ಲುಗಳ ನಡುವೆ ಇಟ್ಟು, ತುಟಿಗಳನ್ನು ಸಂದಿಯಿಲ್ಲದಂತೆ ಮುಚ್ಚಬೇಕು.

೪. ಬಾಯಿಂದ ನಿಧಾನವಾಗಿ ಉಸಿರೆಳೆಯಲು ತೊಡಗಿದೊಡನೆ ಡಬ್ಬಿಯನ್ನು ಒಮ್ಮೆ ಒತ್ತಿ, ಎದೆ ತುಂಬುವವರೆಗೆ ಎಳೆಯುತ್ತಲೇ ಇರಬೇಕು.

೫. ಸಾಧನವನ್ನು ತೆಗೆದು, ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಅಥವಾ ಸಾಧ್ಯವಾದಷ್ಟು ಹೊತ್ತು ಉಸಿರು ಹಿಡಿಯಬೇಕು.

೬. ಎರಡನೆಯ ಒತ್ತು ಬೇಕಾದರೆ ಅರ್ಧ ನಿಮಿಷದಿಂದ ಒಂದು ನಿಮಿಷ ತಡೆದು, ಮೊದಲಿನಿಂದ ಕ್ರಮವನ್ನು ಪುನರಾವರ್ತಿಸಬೇಕು.

೭. ಸ್ಟೀರಾಯ್ಡ್ ಉಳ್ಳ ಔಷಧವಾದರೆ ಕೊನೆಯಲ್ಲಿ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲವಾದರೆ ಬಾಯಲ್ಲಿ ಶಿಲೀಂಧ್ರದ ಸೋಂಕು ತಲೆದೋರಬಹುದು.

ಪುಡಿಯ ಔಷಧವನ್ನು ಕ್ಯಾಪ್ಸೂಲಿನಲ್ಲಿಟ್ಟು ಸೇದುವ ಸಾಧನಗಳೂ ನಮ್ಮಲ್ಲಿ ಹೇರಳವಾಗಿ ಬಳಕೆಯಲ್ಲಿವೆ. ಅವುಗಳ ನಿಯಮ ಬೇರೆ. ಅಲ್ಲಿ ಒತ್ತುವ ಡಬ್ಬಿಯಿಲ್ಲ; ರೋಗಿಯ ಉಸಿರಿನ ಬಲವೇ ಪುಡಿಯನ್ನು ಒಳಗೊಯ್ಯಬೇಕು. ಆದುದರಿಂದ ಜೋರಾಗಿಯೂ ಆಳವಾಗಿಯೂ ಸೇದಬೇಕು. ಸಾಧನದೊಳಕ್ಕೆ ಉಸಿರು ಬಿಡಬಾರದು. ಒಂದರ ಪಾಠವನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಎರಡೂ ಕೆಡುತ್ತವೆ.

ಬೋಧನೆಯ ವಿಧಾನ

ಈ ಏಳು ಅಂಶಗಳನ್ನು ಅಚ್ಚುಹಾಕಿಸಿ ಕೈಗೆ ಕೊಟ್ಟರೆ ಸಾಲದು; ಬಾಯಲ್ಲಿ ಹೇಳಿದರೂ ಸಾಲದು. ಈಜನ್ನು ಹೇಳಿ ಕಲಿಸಲಾಗದಂತೆ ಇದನ್ನೂ ಹೇಳಿ ಕಲಿಸಲಾಗದು. ಕಲಿಸುವವರು ಔಷಧವಿಲ್ಲದ ಮಾದರಿ ಸಾಧನವೊಂದರಿಂದ ತಾವು ಮೊದಲು ಮಾಡಿ ತೋರಿಸಬೇಕು. ಬಳಿಕ ರೋಗಿಯೇ ತನ್ನ ಸಾಧನವನ್ನು ಹಿಡಿದು ಮಾಡಿ ತೋರಿಸಬೇಕು. ‘ತಿಳಿಯಿತೇ?’ ಎಂದು ಕೇಳಿದರೆ ಹಿರಿಯರು ಸಂಕೋಚದಿಂದ ತಲೆಯಾಡಿಸಿಬಿಡುತ್ತಾರೆ. ‘ಒಮ್ಮೆ ಮಾಡಿ ತೋರಿಸಿ ಅಮ್ಮ’ ಎಂದಾಗ ಮಾತ್ರ ನಿಜಸ್ಥಿತಿ ಹೊರಬೀಳುತ್ತದೆ. ತಪ್ಪು ಕಂಡಲ್ಲಿ ಗದರಿಸದೆ, ತಪ್ಪಿದ ಹೆಜ್ಜೆಯನ್ನಷ್ಟೇ ತಿದ್ದಿ, ಸರಿಯಾಗುವವರೆಗೆ ಮತ್ತೆ ಮಾಡಿಸಬೇಕು. ಅಲ್ಲಿಗೂ ಮುಗಿಯಲಿಲ್ಲ. ಕಲಿತ ಕ್ರಮ ವಾರ ತಿಂಗಳುಗಳಲ್ಲಿ ಜಾರಿಹೋಗುವುದರಿಂದ ರೋಗಿ ಬಂದಾಗಲೆಲ್ಲ ಪುನಃ ಪರೀಕ್ಷಿಸಬೇಕು. ಔಷಧ ಫಲಿಸಲಿಲ್ಲವೆಂದು ಪ್ರಮಾಣವನ್ನು ಹೆಚ್ಚಿಸುವ ಮೊದಲು ಬಳಸುವ ಕ್ರಮವನ್ನು ನೋಡುವುದು ವಿವೇಕ.

ಕೈ ನಡುಗುವ ವೃದ್ಧರಿಗೂ ಮಕ್ಕಳಿಗೂ ಒತ್ತುವ ಮತ್ತು ಸೇದುವ ಹೊಂದಿಕೆ ಕಠಿಣ. ಅವರಿಗೆ ಸ್ಪೇಸರ್ ಎಂಬ ಕೊಳವೆ ಬಹೂಪಯೋಗಿ. ಔಷಧ ಮೊದಲು ಕೊಳವೆಯಲ್ಲಿ ನಿಲ್ಲುತ್ತದೆ. ರೋಗಿ ಅದನ್ನು ನಿಧಾನವಾಗಿ ಸೇದಿಕೊಳ್ಳಬಹುದು. ಕೊಳ್ಳುವ ಶಕ್ತಿಯಿಲ್ಲದವರಿಗೂ ದಾರಿಯಿದೆ. ೫೦೦ ಮಿಲಿಲೀಟರಿನ ಸಾಧಾರಣ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್‌ಹೇಲರಿನ ಬಾಯಿಯಷ್ಟೇ ರಂಧ್ರ ಮಾಡಿ, ಸಂದಿಯನ್ನು ಭದ್ರವಾಗಿ ಮುಚ್ಚಿದರೆ, ಅದು ಮಾರಾಟದ ಸ್ಪೇಸರಿಗೆ ಸಮನಾಗಿ ಕೆಲಸ ಮಾಡಿತೆಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಮಕ್ಕಳ ಮೇಲೆ ನಡೆಸಿ ೧೯೯೯ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ.

ಯಾವ ಔಷಧ ಯಾವಾಗ ಎಂಬುದೂ ಪಾಠದ ಭಾಗವೇ. ಕೂಡಲೇ ಉಸಿರು ಸಡಿಲಿಸುವ ಔಷಧ ಬೇರೆ. ನಾಳದ ಊತವನ್ನು ತಗ್ಗಿಸಿ ರೋಗವನ್ನು ಹತೋಟಿಯಲ್ಲಿಡುವ ಔಷಧ ಬೇರೆ. ಎರಡನೆಯದನ್ನು ವೈದ್ಯರು ನಿತ್ಯ ಸೇದಲು ಹೇಳಿದ್ದರೆ, ಮೈ ಚೆನ್ನಾಗಿರುವ ದಿನವೂ ಬಿಡಬಾರದು. ಡಬ್ಬಿ ಮುಗಿಯುವ ದಿನವನ್ನೂ ಲೆಕ್ಕವಿಡಬೇಕು: ೨೦೦ ಒತ್ತುಗಳ ಡಬ್ಬಿಯನ್ನು ದಿನಕ್ಕೆ ನಾಲ್ಕರಂತೆ ಬಳಸಿದರೆ ೫೦ ದಿನ ಬರುತ್ತದೆ. ಅಲುಗಿಸಿ ನೋಡಿದರೆ ಅಥವಾ ನೀರಲ್ಲಿ ತೇಲಿಸಿದರೆ ನಿಜ ತಿಳಿಯದು.

ಉಪಸಂಹಾರ

ಈ ಕಾರ್ಯದಲ್ಲಿ ಶಾಲೆಗಳ ಪಾತ್ರವೂ ಇದೆ. ಉಬ್ಬಸವುಳ್ಳ ವಿದ್ಯಾರ್ಥಿಗಳು ಪ್ರತಿ ಶಾಲೆಯಲ್ಲಿಯೂ ಇರುತ್ತಾರೆ. ಅವರ ಇನ್‌ಹೇಲರ್ ಬೀರುವಿನಲ್ಲಿ ಬೀಗದೊಳಗಿರದೆ ಕೈಗೆಟಕುವಂತಿರಬೇಕು. ಮಾತಾಡಲೂ ಆಗದಂತೆ ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಔಷಧ ಸೇದಿದರೂ ತಗ್ಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನು ಪ್ರತಿ ಅಧ್ಯಾಪಕರೂ ಅರಿತಿರಬೇಕು. ಶಾಲೆಯ ಹಿತೈಷಿಗಳು ಒಂದೆರಡು ಸ್ಪೇಸರುಗಳನ್ನೂ ಮಾದರಿ ಸಾಧನವೊಂದನ್ನೂ ಒದಗಿಸುವುದು ಅಲ್ಪವ್ಯಯದ, ಆದರೆ ಸಾರ್ಥಕವಾದ ಸೇವೆ. ಇಲ್ಲಿ ಕಲಿತ ಬಾಲಕನೊಬ್ಬ ಮನೆಗೆ ಹೋಗಿ, ಗೂಡಿನಲ್ಲಿದ್ದ ಪಂಪನ್ನು ಕೆಳಗಿಳಿಸಿ, ಧೂಳೊರೆಸಿ, ‘ಹೀಗಲ್ಲಜ್ಜಿ, ಮೊದಲು ಉಸಿರು ಬಿಡು’ ಎಂದು ತೋರಿಸಿಕೊಟ್ಟರೆ ಆ ಪಾಠ ಸಲ್ಲಬೇಕಾದಲ್ಲಿಗೆ ಸಂದಂತಾಗುತ್ತದೆ.