ವೈದ್ಯವಿದ್ಯೆಯನ್ನು ಬಯಸುವ ಬಾಲಿಕೆಯರ ಪಾಠವೂ ಪಾಠೇತರ ಅಭ್ಯಾಸವೂ

ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಹೋಗುವ ಬಾಲಿಕೆಯರಲ್ಲಿ ಅನೇಕರು ವೈದ್ಯರಾಗಬೇಕೆಂದು ಬಯಸುತ್ತಾರೆ. ಬಯಕೆಯು ಶ್ಲಾಘ್ಯವಾದದ್ದೇ. ಆದರೆ ಪಿ.ಯು.ಸಿ.ಗೆ ಸೇರಿದ ಕೂಡಲೇ ಅವರಲ್ಲಿ ಹಲವರು ಆಟ, ಸಂಗೀತ, ವಾಚನ ಮೊದಲಾದವುಗಳನ್ನೆಲ್ಲ ಒಮ್ಮೆಗೇ ಬಿಟ್ಟುಬಿಡುವದನ್ನು ನಾವು ಕಾಣುತ್ತಿದ್ದೇವೆ. ಇದು ಅವಶ್ಯವೋ ಅನವಶ್ಯವೋ ಎಂಬದನ್ನು ಹೆತ್ತವರೂ ಹಳೆಯ ವಿದ್ಯಾರ್ಥಿನಿಯರೂ ನಮ್ಮೊಡನೆ ಕ್ರಮವಾಗಿ ವಿಚಾರಿಸಬೇಕೆಂದು ಬೇಡುತ್ತೇವೆ.

ಮೊದಲನೆಯದಾಗಿ, ಭಾರವು ಎಷ್ಟೆಂದು ನೋಡೋಣ. ಪಿ.ಯು.ಸಿ.ಯ ಎರಡು ವರ್ಷಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲದೆ ಎರಡು ಭಾಷೆಗಳೂ ಬಹುಮಟ್ಟಿಗೆ ಗಣಿತವೂ ಇರುತ್ತವೆ. ಇವುಗಳ ಮೇಲೆ ನೀಟ್ ಪರೀಕ್ಷೆಯುಂಟು. 2025ರ ನೀಟ್‌ನಲ್ಲಿ 180 ನಿಮಿಷಗಳೊಳಗೆ 180 ಪ್ರಶ್ನೆಗಳಿಗೆ ಉತ್ತರಿಸಬೇಕಾಗಿತ್ತು. ಜೀವಶಾಸ್ತ್ರಕ್ಕೆ 90, ಉಳಿದೆರಡಕ್ಕೆ 45ರಂತೆ. ಸರಿಯಾದ ಉತ್ತರಕ್ಕೆ 4 ಅಂಕ. ತಪ್ಪಿದರೆ 1 ಅಂಕ ಕಡಿತ. ಅಮೇರಿಕದ ವೈದ್ಯಕೀಯ ಕಾಲೇಜುಗಳಿಗೆ ಅರ್ಜಿ ಹಾಕುವವರು ತಾವು ಮಾಡಿದ ಸೇವೆ, ಆಟ, ಕಲೆ ಮುಂತಾದ 15 ಸಂಗತಿಗಳವರೆಗೆ ಬರೆಯಬಹುದು. ನಮ್ಮಲ್ಲಿ ಕ್ರೀಡಾಪಟುಗಳಿಗೆ ಮೀಸಲಾದ ಕೆಲವೇ ಸ್ಥಾನಗಳನ್ನು ಬಿಟ್ಟರೆ ಅಂಥದಕ್ಕೆ ಎಡೆಯಿಲ್ಲ. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜು ಹಿಂದೆ ತನ್ನದೇ ಪರೀಕ್ಷೆಯನ್ನೂ ಸಂದರ್ಶನವನ್ನೂ ನಡಿಸುತ್ತಿತ್ತು. ಅಂಥ ಸಂಸ್ಥೆಗಳಿಗೂ ನೀಟ್ ಕಡ್ಡಾಯವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಹೀಗಿರಲಾಗಿ, “ಹಾಡುವದರಿಂದ ಎಷ್ಟು ಅಂಕ ಬರುವದು?” ಎಂದು ತಂದೆತಾಯಿಗಳು ಕೇಳುವದು ಸಹಜವೇ.

ಅಂಕವೇನೂ ಬಾರದು. ಆದರೆ ಇನ್ನೊಂದು ಲೆಕ್ಕವನ್ನು ಗಮನಿಸಿರಿ. 2024ರಲ್ಲಿ 23 ಲಕ್ಷಕ್ಕೂ ಮಿಕ್ಕಿದ ಅಭ್ಯರ್ಥಿಗಳು ನೀಟ್‌ಗೆ ಕುಳಿತರು, ಎಂ.ಬಿ.ಬಿ.ಎಸ್. ಸ್ಥಾನಗಳು ಒಂದು ಲಕ್ಷಕ್ಕೆ ಸ್ವಲ್ಪವೇ ಮೇಲು. ಅಂದರೆ ಸುಮಾರು ಇಪ್ಪತ್ತು ಮಂದಿಯಲ್ಲಿ ಒಬ್ಬರಿಗೆ ಸ್ಥಾನ. ಉಳಿದ ಹತ್ತೊಂಬತ್ತು ಮಂದಿಯೂ ನಮ್ಮ ನಿಮ್ಮ ಮಕ್ಕಳೇ. ಎರಡು ವರ್ಷ ತನ್ನಲ್ಲಿದ್ದ ಬೇರೆಲ್ಲ ಶಕ್ತಿಗಳನ್ನು ಮುಚ್ಚಿಟ್ಟ ಬಾಲಿಕೆಯು ಫಲಿತಾಂಶದ ದಿನ ತಾನು ಯಾತಕ್ಕೂ ಬಾರದವಳೆಂದು ತಿಳಿಯುವ ಅಪಾಯವುಂಟು. ಒಂದು ವಿದ್ಯೆಯನ್ನಾದರೂ ಜೀವಂತವಾಗಿ ಉಳಿಸಿಕೊಂಡವಳಿಗೆ ಆ ದಿನ ದುಃಖವಾದೀತು. ಆದರೆ ತಾನು ಯಾರೆಂಬದು ಮರೆತುಹೋಗದು.

ಎರಡನೆಯದಾಗಿ, ಸಮಯವುಂಟೋ? ವಾರಕ್ಕೆ 168 ತಾಸುಗಳು. ನಿದ್ರೆಗೆ ದಿನಕ್ಕೆ 8ರಂತೆ 56 ಕಳೆಯಿರಿ. ಕಾಲೇಜಿಗೆ ಆರು ದಿನ 6ರಂತೆ 36. ಊಟ, ಸ್ನಾನ, ಪ್ರಯಾಣಗಳಿಗೆ ದಿನಕ್ಕೆ 4ರಂತೆ 28. ಸ್ವಂತ ಅಭ್ಯಾಸಕ್ಕೆ ಆರು ದಿನ 5ರಂತೆಯೂ ಆದಿತ್ಯವಾರ 4ರಂತೆಯೂ ಒಟ್ಟು 34. ಉಳಿಯುವದು 14. ದಿನಕ್ಕೊಂದು ತಾಸು ಮನೆಗೆಲಸಕ್ಕೆ ಕೊಟ್ಟರೂ 7 ತಾಸುಗಳು ಮಿಕ್ಕುತ್ತವೆ. ಇವುಗಳಲ್ಲಿ ನಾಲ್ಕು ಸಂಗೀತಕ್ಕಾಗಲಿ ಆಟಕ್ಕಾಗಲಿ ಸಾಕು; ಮೂರು ವಿಶ್ರಾಂತಿಗಿರಲಿ.

ಲೆಕ್ಕವು ಕೆಡುವದು ಎಲ್ಲಿಂದ? ಬಹುಶಃ ಮೂರು ಕಡೆಗಳಿಂದ. ಕೋಚಿಂಗ್ ತರಗತಿಯನ್ನು ಅಭ್ಯಾಸದ 34 ತಾಸುಗಳೊಳಗೆ ಎಣಿಸದೆ ಅವುಗಳ ಮೇಲೆ ಹೇರುವದು ಒಂದು. ಆಗ ನಿದ್ರೆಯೇ ಕರಗುವದು. ಈ ವಯಸ್ಸಿನವರಿಗೆ 8ರಿಂದ 10 ತಾಸು ನಿದ್ರೆ ಬೇಕೆಂದು ವೈದ್ಯರೇ ಹೇಳುತ್ತಾರೆ. ಹಗಲು ಓದಿದ್ದು ನೆನಪಿನಲ್ಲಿ ನಾಟುವದು ನಿದ್ರೆಯಿಂದಲೇ. ಕೈಯಲ್ಲಿರುವ ಮೊಬೈಲು ಎರಡನೆಯದು. ಮೂರನೆಯದನ್ನು ಹೇಳಲು ಸಂಕೋಚವಾದರೂ ಹೇಳತಕ್ಕದ್ದೇ. ಅದೇ ಪರೀಕ್ಷೆಗೆ ಓದುವ ಅಣ್ಣನ ಮುಂದೆ ಕಾಫಿಯನ್ನು ತಂದಿಡುವ ತಂಗಿಯು ತಾನು ಓದುವಾಗಲೂ ಪಾತ್ರೆ ತೊಳೆಯಬೇಕಾಗುವದು. ಹೊತ್ತು ಸಾಲದೆಂದು ಮಗಳ ಆಟವನ್ನು ನಿಲ್ಲಿಸುವ ಮೊದಲು ಮನೆಗೆಲಸವನ್ನು ಮಕ್ಕಳೊಳಗೆ ಸಮವಾಗಿ ಹಂಚಿ ನೋಡಿರಿ.

ಮೂರನೆಯದಾಗಿ, ಯಾವುದನ್ನು ಉಳಿಸತಕ್ಕದ್ದು? ಒಂದನ್ನು ಮಾತ್ರ. ನಾಲ್ಕು ಸಂಘಗಳಲ್ಲಿ ಹೆಸರು ಬರೆಯಿಸಿದರೆ ಯಾವುದೂ ನೆಲೆಗೊಳ್ಳದು. ಗೊತ್ತಾದ ಹೊತ್ತಿಗೆ ಆರಂಭವಾಗಿ ಗೊತ್ತಾದ ಹೊತ್ತಿಗೆ ಮುಗಿಯುವಂಥದು ಉತ್ತಮ. ದೂರದ ಊರುಗಳ ಸ್ಪರ್ಧೆಗಳು ಎರಡನೆಯ ವರ್ಷದಲ್ಲಿ ಬೇಡ. ಪರೀಕ್ಷೆಯ ತಿಂಗಳಲ್ಲಿ ನಾಲ್ಕು ತಾಸುಗಳನ್ನು ಒಂದಕ್ಕೆ ಇಳಿಸಿರಿ, ಪೂರ್ಣವಾಗಿ ನಿಲ್ಲಿಸಬೇಡಿರಿ.

ವೈದ್ಯವೃತ್ತಿಯೂ ಬೇರೊಂದು ವಿದ್ಯೆಯೂ ಕೂಡಿ ಬಾಳುವದು ನಮ್ಮ ನಾಡಿಗೆ ಹೊಸದಲ್ಲ. ರಾಶಿ ಎಂದು ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರು ರೋಗಿಗಳನ್ನು ನೋಡುತ್ತಲೇ 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿದರು. ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನರು ವೈದ್ಯೆಯಾಗಿದ್ದುಕೊಂಡೇ ಕಾದಂಬರಿಗಳನ್ನೂ, ತಾಯಂದಿರಿಗಾಗಿ ಆರೋಗ್ಯದ ಪುಸ್ತಕಗಳನ್ನೂ, ಮಕ್ಕಳಿಗಾಗಿ ‘ದಿನಕ್ಕೊಂದು ಕಥೆ’ಯನ್ನೂ ಬರೆದರು. ಅವರ ಲೇಖನಿಯು ವೈದ್ಯವೃತ್ತಿಗೆ ಕುಂದು ತರಲಿಲ್ಲ. ಚಿಕಿತ್ಸಾಲಯದಲ್ಲಿ ಹೇಳುವ ಮಾತು ಪುಸ್ತಕದ ಮೂಲಕ ಮನೆಮನೆಗೂ ಹೋಯಿತು.

ಆದಕಾರಣ ವರ್ಷದ ಆರಂಭದಲ್ಲಿ ತಾಯಿಯೂ ತಂದೆಯೂ ಮಗಳೂ ಕೂಡಿ ಕುಳಿತು, ಮೇಲೆ ಹೇಳಿದ ಲೆಕ್ಕವನ್ನು ತಮ್ಮ ಮನೆಗೆ ತಕ್ಕಂತೆ ಒಂದು ಕಾಗದದಲ್ಲಿ ಬರೆಯಿರಿ. ತಿಂಗಳಿಗೊಮ್ಮೆ ಅದನ್ನು ತೆರೆದು ತಿದ್ದಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಈಗ ವೈದ್ಯರಾಗಿರುವವರೂ ಆ ಸ್ಥಾನ ದೊರೆಯದೆ ಬೇರೆ ಕೆಲಸಗಳಲ್ಲಿ ನೆಲೆನಿಂತವರೂ ಒಂದು ದಿನ ಶಾಲೆಗೆ ಬಂದು ನಮ್ಮ ಹತ್ತನೆಯ ತರಗತಿಯವರೊಡನೆ ಮಾತನಾಡಬೇಕೆಂದು ವಿನಂತಿಸುತ್ತೇವೆ. ಇಬ್ಬರ ಮಾತೂ ಅವರಿಗೆ ಬೇಕಾಗಿದೆ.