ಛಾಯಾಚಿತ್ರದಲ್ಲಿ ಛಾಯಾಗ್ರಾಹಕನು ಕಾಣುವನೆ?

ಒಬ್ಬಾತನು ತೆಗೆದು ನಾಲ್ವರಿಗೆ ತೋರಿಸಿದ ಚಿತ್ರಗಳಿಂದ ಆತನ ನಿಜಸ್ವರೂಪವನ್ನು ತಿಳಿಯಬಹುದೆಂಬ ನಂಬಿಕೆ ನಮ್ಮಲ್ಲಿ ಬಹುಮಂದಿಗೆ ಉಂಟು. ಮಕ್ಕಳ ನಗುಮುಖಗಳನ್ನೇ ತೆಗೆಯುವವನು ಮೃದುಹೃದಯನೆಂದೂ ಪಾಳುಮನೆ ಒಣಮರಗಳನ್ನು ಹುಡುಕಿಕೊಂಡು ಹೋಗುವವನು ಏಕಾಂತಪ್ರಿಯನೆಂದೂ ಸುಲಭವಾಗಿ ತೀರ್ಪು ಕೊಡುತ್ತೇವೆ. ಬೆಳಕಿನ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಒಮ್ಮೆ ನಮ್ಮನ್ನು ಕೇಳಿದನು: "ಸಾರ್, ಚಿತ್ರ ತೆಗೆಯುವಾಗ ಅಲ್ಲಿ ಇದ್ದೇ ಇದ್ದು, ಚಿತ್ರದಲ್ಲಿ ಮಾತ್ರ ಇಲ್ಲದವನು ಅದನ್ನು ತೆಗೆದವನೇ ಅಲ್ಲವೆ? ಅವನನ್ನು ಅದರಲ್ಲಿ ಹುಡುಕುವುದು ಹೇಗೆ?" ಪ್ರಶ್ನೆ ಚೆನ್ನಾಗಿದೆ. ಭೌತವಿಜ್ಞಾನವು ಇದಕ್ಕೆ ಎಷ್ಟು ದೂರ ಉತ್ತರ ಕೊಡಬಲ್ಲದು, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ನೋಡೋಣ.

ಛಾಯಾಗ್ರಾಹಕನನ್ನು ಕುರಿತು ಚಿತ್ರವು ನಿಶ್ಚಯವಾಗಿ ಹೇಳುವ ಸಂಗತಿ ಒಂದುಂಟು: ಆತನ ಮಸೂರ ಎಲ್ಲಿತ್ತು ಎಂಬುದು. ಮಟ್ಟವಾದ ಬಯಲಿನಲ್ಲಿ ತೆಗೆದ ಚಿತ್ರವೊಂದನ್ನು ತೆಗೆದುಕೊಳ್ಳಿ. ಮಸೂರದ ಮೂಲಕ ನೆಲಕ್ಕೆ ಸಮಾಂತರವಾಗಿ ಒಂದು ಸಮತಲವನ್ನು ಕಲ್ಪಿಸಿಕೊಂಡರೆ, ಚಿತ್ರದಲ್ಲಿ ಅದು ದಿಗಂತರೇಖೆಯಾಗಿ ಕಾಣುತ್ತದೆ. ಆದುದರಿಂದ ದಿಗಂತವು ಸಮೀಪದ ಮನುಷ್ಯನನ್ನಾಗಲಿ ದೂರದ ಕಂಬವನ್ನಾಗಲಿ ಯಾವ ಎತ್ತರದಲ್ಲಿ ಕತ್ತರಿಸುತ್ತದೆಯೋ ಅದೇ ಕ್ಯಾಮರಾದ ಎತ್ತರ. ದಿಗಂತವು ಜನರ ಕಣ್ಣುಗಳ ಮಟ್ಟದಲ್ಲಿದ್ದರೆ ಕ್ಯಾಮರಾ ಕಣ್ಣಿನ ಬಳಿಯಿತ್ತು. ನಡುವಿನ ಮಟ್ಟದಲ್ಲಿದ್ದರೆ ಹೊಟ್ಟೆಯ ಬಳಿಯಿತ್ತು. ದೂರವನ್ನೂ ಹೀಗೆಯೇ ಕಂಡುಹಿಡಿಯಬಹುದು. ಒಂದೇ ಎತ್ತರದ ಎರಡು ಕಂಬಗಳು ೪೦ ಅಡಿ ಅಂತರದಲ್ಲಿ ಒಂದರ ಹಿಂದೊಂದು ನಿಂತಿವೆ, ಚಿತ್ರದಲ್ಲಿ ಒಂದು ಇನ್ನೊಂದರ ಎರಡರಷ್ಟು ಉದ್ದ ಕಾಣುತ್ತದೆ ಎನ್ನಿ. ಸಮರೂಪ ತ್ರಿಭುಜಗಳ ನಿಯಮದಂತೆ ಕ್ಯಾಮರಾ ಮುಂದಿನ ಕಂಬದಿಂದ ೪೦ ಅಡಿ, ಹಿಂದಿನದರಿಂದ ೮೦ ಅಡಿ ದೂರದಲ್ಲಿತ್ತು. ಮನೆಯಲ್ಲಿರುವ ಹಳೆಯ ಚಿತ್ರಗಳ ಮೇಲೆ ವಾಚಕರು ಇದನ್ನು ಪರೀಕ್ಷಿಸಿ ನೋಡಬಹುದು, ಅಳತೆಪಟ್ಟಿಯೊಂದಿದ್ದರೆ ಸಾಕು.

ಆತನು ಎಲ್ಲಿ ನಿಂತಿದ್ದನೆಂಬುದು ಹೀಗೆ ದೊರೆಯಿತು. ಅಲ್ಲಿಯೇ ಏಕೆ ನಿಂತನೆಂಬುದು? ಇದಕ್ಕೆ ರೋಜರ್ ಫೆಂಟನ್ ಎಂಬ ಆಂಗ್ಲ ಛಾಯಾಗ್ರಾಹಕನ ಕತೆಗಿಂತ ಉತ್ತಮವಾದ ಉದಾಹರಣೆ ನಮಗೆ ತಿಳಿಯದು.

ಫೆಂಟನನು ೧೮೧೯ರಲ್ಲಿ ಹುಟ್ಟಿದವನು, ನ್ಯಾಯಶಾಸ್ತ್ರವನ್ನು ಓದಿದವನು. ಬ್ರಿಟನ್ನೂ ಫ್ರಾನ್ಸೂ ತುರ್ಕಿಯೂ ಒಂದಾಗಿ ರಷ್ಯದ ಮೇಲೆ ಕ್ರಿಮಿಯದಲ್ಲಿ ಯುದ್ಧ ಮಾಡುತ್ತಿದ್ದಾಗ, ೧೮೫೫ರ ಮಾರ್ಚಿಯಿಂದ ಜೂನ್‌ವರೆಗೆ ಆತನು ಅಲ್ಲಿದ್ದು ೩೫೦ಕ್ಕಿಂತ ಹೆಚ್ಚು ಚಿತ್ರಗಳನ್ನು ತೆಗೆದನು. ದ್ರಾಕ್ಷಾಮದ್ಯದ ವ್ಯಾಪಾರಿಯೊಬ್ಬನದಾಗಿದ್ದ ಕುದುರೆಗಾಡಿಯೇ ಆತನ ಕತ್ತಲಕೋಣೆ. ಈ ಚಿತ್ರಗಳಲ್ಲಿ ಗುಡಾರಗಳಿವೆ, ಬಂದರಿದೆ, ಮೀಸೆ ತಿರುವಿ ನಿಂತ ಅಧಿಕಾರಿಗಳಿದ್ದಾರೆ, ಕಾಳಗವಿಲ್ಲ, ಹೆಣಗಳಿಲ್ಲ. ಇವನ್ನಷ್ಟೇ ನೋಡಿದವರಿಗೆ ಫೆಂಟನನು ಯುದ್ಧವನ್ನು ವನಭೋಜನವೆಂದು ತಿಳಿದ ಸುಖಪುರುಷನಂತೆ ತೋರಿದರೆ ಆಶ್ಚರ್ಯವಿಲ್ಲ.

ಆದರೆ ತೀರ್ಪು ಕೊಡುವ ಮೊದಲು ಆತನ ಸಾಧನವನ್ನು ವಿಚಾರಿಸಬೇಡವೆ? ಅಂದಿನ ಪದ್ಧತಿಯಲ್ಲಿ ಗಾಜಿನ ಫಲಕದ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹೊಯ್ದು, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಒದ್ದೆಯಾಗಿರುವಾಗಲೇ ಕ್ಯಾಮರಾದೊಳಗಿಟ್ಟು ಬೆಳಕಿಗೆ ಒಡ್ಡಿ, ಆರುವುದಕ್ಕೆ ಮುಂಚೆಯೇ ಗಾಡಿಯ ಕತ್ತಲಿಗೆ ಒಯ್ದು ಬಿಂಬವನ್ನು ಮೂಡಿಸಬೇಕಾಗಿತ್ತು. ಮಸೂರವನ್ನು ಹಲವು ಸೆಕೆಂಡುಗಳ ಕಾಲ ತೆರೆದಿಡಬೇಕಾಗಿತ್ತು. ಆ ಅವಧಿಯಲ್ಲಿ ಓಡುವ ಸೈನಿಕನೂ ಹಾರುವ ಗುಂಡೂ ಫಲಕದ ಮೇಲೆ ನಿಲ್ಲುವಂತಿರಲಿಲ್ಲ. ಆ ಫಲಕವು ನೀಲಿ ಬೆಳಕಿಗೆ ಬಹಳವಾಗಿಯೂ ಕೆಂಪಿಗೆ ಇಲ್ಲವೆಂಬಷ್ಟು ಅಲ್ಪವಾಗಿಯೂ ಸ್ಪಂದಿಸುತ್ತಿತ್ತು. ಆದುದರಿಂದ ನೀಲಿ ಆಕಾಶವೂ ಬಿಳಿಯ ಮೋಡವೂ ಒಂದೇ ತೆರನಾಗಿ ಬೆಳ್ಳಗಾದುವು. ಆತನ ಚಿತ್ರಗಳ ಬರಿಯ ಆಕಾಶದಲ್ಲಿ ಕೆಲವರು ಶೂನ್ಯಭಾವವನ್ನು ಕಾಣುವುದುಂಟು. ಆ ಶೂನ್ಯವು ಆತನ ಮನಸ್ಸಿನದಲ್ಲ, ಬೆಳ್ಳಿಯ ಲವಣಗಳದು.

ಈಗ ಮುಖ್ಯ ಸಂಗತಿಗೆ ಬರೋಣ. ಸೆವಾಸ್ತೊಪೋಲಿನ ಬಳಿ, ಸತತವಾಗಿ ಗುಂಡುಗಳು ಬೀಳುತ್ತಿದ್ದ ಒಂದು ಕಣಿವೆಗೆ ಸೈನಿಕರು 'ಮೃತ್ಯುಚ್ಛಾಯೆಯ ಕಣಿವೆ' ಎಂದು ಹೆಸರಿಟ್ಟಿದ್ದರು. ೧೮೫೫ರ ಏಪ್ರಿಲ್ ೨೩ರಂದು ಫೆಂಟನನು ಅಲ್ಲಿ ಒಂದೇ ಸ್ಥಳದಿಂದ ಎರಡು ಚಿತ್ರಗಳನ್ನು ತೆಗೆದನು. ಒಂದರಲ್ಲಿ ಫಿರಂಗಿಯ ಗುಂಡುಗಳು ದಾರಿಯ ಪಕ್ಕದ ತಗ್ಗಿನಲ್ಲಿ ಬಿದ್ದಿವೆ, ದಾರಿ ತೆರವಾಗಿದೆ. ಇನ್ನೊಂದರಲ್ಲಿ ದಾರಿಯ ಮೇಲೆಯೂ ಗುಂಡುಗಳು ಚೆಲ್ಲಿವೆ. ಪ್ರಸಿದ್ಧವಾದುದು ಈ ಎರಡನೆಯದು. ನೋಡುವವರಿಗೆ ಭಯ ಹುಟ್ಟಲೆಂದು ಫೆಂಟನನೇ ಗುಂಡುಗಳನ್ನು ದಾರಿಗೆ ಹರಡಿಸಿದನೆಂಬ ಆರೋಪವು ಬೆಳೆಯಿತು. ಸೂಸಾನ್ ಸಾಂಟ್ಯಾಗ್ ಎಂಬ ಅಮೆರಿಕದ ಹೆಸರಾಂತ ಲೇಖಕಿಯೂ ೨೦೦೩ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಹಾಗೆಯೇ ಬರೆದಳು. ಸತ್ತು ಒಂದು ಶತಮಾನಕ್ಕೂ ಮೀರಿದ ಮೇಲೆ ಮನುಷ್ಯನೊಬ್ಬನು ಎರಡು ಚಿತ್ರಗಳ ಬಲದಿಂದ ವಂಚಕನಾದನು.

ಈ ಆರೋಪಕ್ಕೆ ಮೊದಲು ಬೇಕಾದುದು ಕಾಲಕ್ರಮ. ತೆರವಾದ ದಾರಿಯ ಚಿತ್ರ ಮೊದಲನೆಯದೆ, ಎರಡನೆಯದೆ? ಮರುಬಳಕೆಗಾಗಿ ಸೈನಿಕರು ಗುಂಡುಗಳನ್ನು ಆಯ್ದು ಒಯ್ಯುತ್ತಿದ್ದುದರಿಂದ, ದಾರಿಯ ಮೇಲಿದ್ದವನ್ನು ಅವರು ತೆಗೆದ ಮೇಲೆ ತೆರವಾದ ಚಿತ್ರವನ್ನು ತೆಗೆದಿರಲೂಬಹುದಷ್ಟೆ. ಎರಲ್ ಮಾರಿಸ್ ಎಂಬ ಚಲನಚಿತ್ರ ನಿರ್ದೇಶಕನು ಈ ಒಂದು ಪ್ರಶ್ನೆಗಾಗಿ ಕ್ರಿಮಿಯಕ್ಕೇ ಹೋಗಿ ಆ ಸ್ಥಳವನ್ನು ಹುಡುಕಿ, ತನ್ನ ಶೋಧನೆಯನ್ನು ೨೦೦೭ರಲ್ಲಿ ಪ್ರಕಟಿಸಿದನು. ನೆರಳುಗಳ ದಿಕ್ಕಿನಿಂದ ಕ್ರಮವನ್ನು ಗೊತ್ತುಮಾಡಹೊರಟಾಗ ತಜ್ಞರಲ್ಲಿಯೇ ಒಮ್ಮತವಾಗಲಿಲ್ಲ. ಕೊನೆಗೆ ಸಮಸ್ಯೆಯನ್ನು ಬಿಡಿಸಿದುದು ಗುಂಡುಗಳೂ ಅಲ್ಲ, ನೆರಳುಗಳೂ ಅಲ್ಲ. ಯಾರೂ ಗಮನಿಸದಿದ್ದ ಕೆಲವು ಸಣ್ಣ ಕಲ್ಲುಗಳು! ಎರಡು ಚಿತ್ರಗಳನ್ನು ಹೋಲಿಸಿ ನೋಡುತ್ತಿದ್ದ ಡೆನಿಸ್ ಪರ್ಸೆಲ್ ಎಂಬ ಪ್ರಕಾಶಸಾಧನಗಳ ತಜ್ಞನು, ಇಳಿಜಾರಿನ ಕೆಲವು ಕಲ್ಲುಗಳು ಒಂದರಲ್ಲಿ ಇರುವುದಕ್ಕಿಂತ ಇನ್ನೊಂದರಲ್ಲಿ ಕೆಳಗಿರುವುದನ್ನು ಕಂಡನು. ಜನರ ಕಾಲು ತಾಗಿದ ಕಲ್ಲು ಗುರುತ್ವದಿಂದ ಕೆಳಕ್ಕೆ ಉರುಳುವುದೇ ಹೊರತು ತಾನಾಗಿ ಮೇಲಕ್ಕೆ ಹತ್ತುವುದಿಲ್ಲ. ಕಲ್ಲುಗಳು ಕೆಳಗಿದ್ದುದು ದಾರಿಯ ಮೇಲೆ ಗುಂಡುಗಳಿರುವ ಚಿತ್ರದಲ್ಲಿ. ಆದುದರಿಂದ ತೆರವಾದ ದಾರಿಯ ಚಿತ್ರವೇ ಮೊದಲನೆಯದು.

ಹಾಗಾದರೆ ಆರೋಪ ಸಿದ್ಧವಾಯಿತೆ? ನಿಧಾನಿಸಿ. ಎರಡು ಚಿತ್ರಗಳ ನಡುವೆ ಯಾರೋ ಇಳಿಜಾರಿನಲ್ಲಿ ಓಡಾಡಿದರು, ಗುಂಡುಗಳು ದಾರಿಯ ಮೇಲಕ್ಕೆ ಬಂದುವು: ಕಲ್ಲುಗಳು ಹೇಳುವುದು ಇಷ್ಟೇ. ತಂದವರು ಫೆಂಟನನ ಸಹಾಯಕರೋ, ಒಯ್ಯುವುದಕ್ಕಾಗಿ ಗುಂಡುಗಳನ್ನು ದಾರಿಗೆ ತಂದ ಸೈನಿಕರೋ? ಆತನೇ ತರಿಸಿದನೆಂದರೂ ಅದು ಮೋಸಗೊಳಿಸುವುದಕ್ಕೋ, ತಾನು ಕಂಡ ಅಪಾಯವನ್ನು ಇತರರಿಗೂ ಕಾಣಿಸುವುದಕ್ಕೋ? ಕಲ್ಲಿಗೆ ಉದ್ದೇಶ ತಿಳಿಯದು.

ಆತನು ಹೆಂಡತಿಗೆ ಬರೆದ ಕಾಗದವೊಂದು ಉಳಿದಿದೆ. ತಾನು ಆರಿಸಿಕೊಂಡಿದ್ದ ಸ್ಥಳವೇ ಗುಂಡುಗಳ ದಾರಿಯಲ್ಲಿದ್ದುದರಿಂದ, ಒಲ್ಲದ ಮನಸ್ಸಿನಿಂದ ಅದಕ್ಕೆ ಸುಮಾರು ೧೦೦ ಗಜ ಈಚೆಯ ನೋಟವೊಂದರಿಂದ ತೃಪ್ತಿಪಡಬೇಕಾಯಿತೆಂದು ಅದರಲ್ಲಿ ಬರೆದಿದ್ದಾನೆ. ನಮ್ಮ ರೇಖಾಗಣಿತವು ಅಷ್ಟು ನಿಶ್ಚಯದಿಂದ ಕಂಡುಹಿಡಿಯಬಲ್ಲ ಆ ಒಂದು ಬಿಂದುವನ್ನು ಆರಿಸಿದುದು ಆತನ ಅಭಿರುಚಿಯಲ್ಲ, ರಷ್ಯದ ಫಿರಂಗಿಗಳು! ಅಷ್ಟೇ ಅಲ್ಲ, ಅರೆಬರೆ ಹೂತ ಅಸ್ಥಿಪಂಜರಗಳ ನಡುವೆ ನಡೆದುದನ್ನು ಕಾಗದಗಳಲ್ಲಿ ವರ್ಣಿಸಿದಾತನು ಅವನ್ನು ಫಲಕಕ್ಕೆ ತರಲಿಲ್ಲ. ಹೆಣಗಳು ಓಡುವುದಿಲ್ಲ, ಇಲ್ಲಿ ಕೊಲೋಡಿಯನ್ನನ್ನು ದೂರುವಂತಿಲ್ಲ. ಆದರೆ ಆತನನ್ನು ಕಳುಹಿಸಿದವರು ಚಿತ್ರಗಳನ್ನು ಮಾರುವ ಪ್ರಕಾಶಕರು, ರಾಜಮನೆತನದ ಪ್ರೋತ್ಸಾಹವೂ ಇತ್ತು. ಅಂಥ ಚಿತ್ರವನ್ನು ಕೊಂಡು ಮನೆಯಲ್ಲಿ ಇಟ್ಟುಕೊಳ್ಳುವವರಾರು? ಹಾಗೆಂದು ಕಾಗದಗಳಲ್ಲಿರುವವನೇ ನಿಜವಾದ ಫೆಂಟನ್ ಎನ್ನುವುದಕ್ಕೂ ನಾವು ಹಿಂಜರಿಯುತ್ತೇವೆ. ಹೆಂಡತಿಗೆ ಬರೆಯುವಾಗಲೂ ಮನುಷ್ಯನು ಆರಿಸಿಯೇ ಬರೆಯುತ್ತಾನಷ್ಟೆ.

ಇಲ್ಲಿ ಸಂಖ್ಯಾಶಾಸ್ತ್ರದ ಮಾತೊಂದು ಬರುತ್ತದೆ. ಅನ್ನ ಬೆಂದಿದೆಯೆ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡುತ್ತೇವೆ. ಅಗುಳನ್ನು ಯಾವ ಉದ್ದೇಶವೂ ಇಲ್ಲದೆ ತೆಗೆದಾಗ ಮಾತ್ರ ಈ ಪರೀಕ್ಷೆ ಸರಿ. ಚೆನ್ನಾಗಿ ಬೆಂದ ಅಗುಳನ್ನೇ ಹುಡುಕಿ ಒಬ್ಬನು ನಮ್ಮ ಕೈಗೆ ಕೊಟ್ಟರೆ, ಅದು ಪಾತ್ರೆಯ ವಿಷಯವನ್ನಲ್ಲ, ಕೊಟ್ಟವನ ಇಚ್ಛೆಯನ್ನು ತಿಳಿಸುತ್ತದೆ. ಪ್ರದರ್ಶನಕ್ಕಿಟ್ಟ ಚಿತ್ರಗಳು ಈ ಎರಡನೆಯ ಬಗೆಯ ಅಗುಳುಗಳು.

ಆರಿಸುವವನು ಛಾಯಾಗ್ರಾಹಕನೇ ಅಲ್ಲದಿದ್ದರಂತೂ ತೊಡಕು ಇನ್ನೂ ಹೆಚ್ಚು. ಅಮೆರಿಕದ ಷಿಕಾಗೋ ನಗರದಲ್ಲಿ ಶ್ರೀಮಂತರ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿದ್ದ ವಿವಿಯನ್ ಮಾಯರ್ ಎಂಬಾಕೆ ಹಲವು ದಶಕಗಳ ಕಾಲ ಬೀದಿಯ ಜನರ ಚಿತ್ರಗಳನ್ನು ತೆಗೆದು, ಯಾರಿಗೂ ತೋರಿಸಲಿಲ್ಲವೆಂಬಷ್ಟು ಗುಟ್ಟಾಗಿಟ್ಟಳು. ಉಗ್ರಾಣದ ಬಾಡಿಗೆ ಸಲ್ಲದೆ ಆಕೆಯ ಪೆಟ್ಟಿಗೆಗಳು ೨೦೦೭ರಲ್ಲಿ ಹರಾಜಾದುವು. ೨೦೦೯ರಲ್ಲಿ ಆಕೆ ತೀರಿಕೊಂಡಳು. ಕೀರ್ತಿ ಬಂದುದು ಅನಂತರ. ದೊರೆತ ಋಣಚಿತ್ರಗಳು ಒಂದು ಲಕ್ಷಕ್ಕೂ ಹೆಚ್ಚು, ಅವುಗಳೊಡನೆ ಬಿಂಬವನ್ನೇ ಮೂಡಿಸದೆ ಬಿಟ್ಟ ಫಿಲ್ಮಿನ ಸುರುಳಿಗಳು. ಆಕೆಯ ಅನೇಕ ಚಿತ್ರಗಳಲ್ಲಿ ಜನರು ಎತ್ತರವಾಗಿ, ಗಂಭೀರವಾಗಿ ತೋರುತ್ತಾರೆ. ಇದು ಬಡವರ ಮೇಲಿನ ಗೌರವವೆ? ಇರಬಹುದು. ಆದರೆ ಆಕೆ ಬಹುಕಾಲ ಬಳಸಿದ ರೋಲಿಫ್ಲೆಕ್ಸ್ ಕ್ಯಾಮರಾವನ್ನು ಎದೆಯ ಕೆಳಗೆ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ದಿಗಂತವು ತಾನಾಗಿಯೇ ಕೆಳಗಿಳಿಯುತ್ತದೆ. ಗೌರವವೆಷ್ಟು, ಕ್ಯಾಮರಾದ ರಚನೆಯೆಷ್ಟು ಎಂದು ಬೇರ್ಪಡಿಸುವ ತಕ್ಕಡಿ ನಮ್ಮಲ್ಲಿಲ್ಲ. ಲಕ್ಷ ಚಿತ್ರಗಳಲ್ಲಿ ಪುಸ್ತಕಗಳಿಗೆ ಬಂದ ಕೆಲವನ್ನು ಆರಿಸಿದವರೂ ಬೇರೆಯವರೇ.

ಫೆಂಟನನ ಎರಡು ಚಿತ್ರಗಳನ್ನು ನಾವು ಆ ವಿದ್ಯಾರ್ಥಿಯ ಮುಂದೆ ಅಕ್ಕಪಕ್ಕದಲ್ಲಿಟ್ಟೆವು. ಅವನು ಭೂತಗನ್ನಡಿಯನ್ನು ಹಿಡಿದು ಇಳಿಜಾರಿನ ಕಲ್ಲುಗಳನ್ನು ಒಂದೊಂದಾಗಿ ಹೋಲಿಸಿ ನೋಡಿದನು. ಬಹಳ ಹೊತ್ತಾದ ಮೇಲೆ, "ಮೊದಲನೆಯ ಫಲಕವನ್ನು ಒಡೆದುಹಾಕಿದ್ದರೆ ಈ ಆರೋಪವೇ ಹುಟ್ಟುತ್ತಿರಲಿಲ್ಲ ಸಾರ್. ಮೋಸ ಮಾಡುವವನು ಅದನ್ನು ಏಕೆ ಉಳಿಸಿಕೊಂಡ?" ಎಂದನು. ನಮಗೆ ಈ ಯೋಚನೆ ಹೊಳೆದಿರಲಿಲ್ಲ. ಇದೂ ಊಹೆಯೇ ಎಂದು ಅವನಿಗೆ ಹೇಳಿದೆವು; ಅವನು ಒಪ್ಪಿಕೊಂಡು, ಭೂತಗನ್ನಡಿಯನ್ನು ಪಕ್ಕದಲ್ಲಿದ್ದವನ ಕೈಗೆ ಕೊಟ್ಟನು.