ಕಡಲಿನ ಲೆಕ್ಕ ತಾಳೆಯಾಗದಿದ್ದರೆ?


ನಮ್ಮ ಕಪಿಲಾ ನದಿಯಲ್ಲಿರುವಂತೆ ಮಂಗಳೂರಿನ ಕಡಲಿನಲ್ಲೂ ಆಹಾರ ಜಾಲವಿದೆ. ಸಸ್ಯಪ್ಲವಕಗಳನ್ನು ಬೂತಾಯಿ ಮೀನು ತಿನ್ನುತ್ತದೆ, ಬೂತಾಯಿಯನ್ನು ಅಂಜಲ್ ತಿನ್ನುತ್ತದೆ. ಎಷ್ಟು ಮೀನು ಹಿಡಿಯಬಹುದೆಂದು ತಿಳಿಯಲು ವಿಜ್ಞಾನಿಗಳು ಈ ಜಾಲವನ್ನು ಲೆಕ್ಕಕ್ಕೆ ಇಳಿಸುತ್ತಾರೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕರ್ನಾಟಕದ ಕರಾವಳಿಗೆ ಮಾಡಿದ ಇಂಥ ಮಾದರಿಯನ್ನು 2008ರಲ್ಲಿ ಪ್ರಕಟಿಸಿತು.

ಒಂದು ಕಲ್ಪಿತ ಉದಾಹರಣೆ ನೋಡೋಣ. ಒಂದು ಚದರ ಕಿ.ಮೀ.ಯಲ್ಲಿ 5 ಟನ್ ಬೂತಾಯಿ ಇದೆ. ವರ್ಷಕ್ಕೆ ಅದರ ಎರಡು ಪಟ್ಟು ಹೊಸದಾಗಿ ಬೆಳೆಯುತ್ತದೆ. ಅಂದರೆ ಉತ್ಪಾದನೆ 10 ಟನ್. ದೊಡ್ಡ ಮೀನುಗಳು ತಿಂದದ್ದು 9 ಟನ್, ಬಲೆಗೆ ಬಿದ್ದದ್ದು 3 ಟನ್, ಒಟ್ಟು 12.
12 ÷ 10 = 1.2

ಬೂತಾಯಿಯ ಪ್ರಮಾಣ ವರ್ಷದಿಂದ ವರ್ಷಕ್ಕೆ ಕುಗ್ಗದಿದ್ದರೆ ಈ ಭಾಗಲಬ್ಧ 1ನ್ನು ಮೀರುವಂತಿಲ್ಲ. ಬೆಳೆದದ್ದಕ್ಕಿಂತ ಹೆಚ್ಚು ಖರ್ಚಾಗುವುದು ಹೇಗೆ?

ಉತ್ತರ ಹೊಂದಲೆಂದು 9ನ್ನು 6 ಮಾಡಬೇಡಿ. ಮೊದಲು ಏಕಮಾನ ನೋಡಿ: ಹಸಿ ತೂಕವೋ, ಒಣ ತೂಕವೋ? ಬಳಿಕ, ಮೀನಿನ ಹೊಟ್ಟೆಯ ಆಹಾರವನ್ನು ಒಂದೇ ಋತುವಿನಲ್ಲಿ ಪರೀಕ್ಷಿಸಿ ಇಡೀ ವರ್ಷಕ್ಕೆ ಅನ್ವಯಿಸಲಾಗಿದೆಯೇ ನೋಡಿ. ತಿದ್ದಿದರೆ ಕಾರಣ ಬರೆದಿಡಿ. ತಪ್ಪು ಲೆಕ್ಕ ನಂಬಿ ಬಲೆ ಬೀಸಿದರೆ ನಷ್ಟ ಮೀನುಗಾರರ ಮನೆಗೇ.

ನಿಮಗೊಂದು ಪ್ರಶ್ನೆ: ಬೂತಾಯಿ 8 ಟನ್ ಇದ್ದರೆ ಭಾಗಲಬ್ಧ ಎಷ್ಟು?